ಜಾಲತಾಣದ ಖಾತೆ ಯಾರ ಹೆಸರಿನಲ್ಲಿದೆ?

ಸಣ್ಣ ಉದ್ದಿಮೆಗೆ ವೆಬ್‌ಸೈಟ್ ಮಾಡಿಸುವ ಬಗ್ಗೆ, ಅದಕ್ಕೆ ತಕ್ಕ ಡಿಸೈನರ್ ಒಬ್ಬರನ್ನು ಹುಡುಕುವ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳು ಕೆಲವು ತಿಂಗಳಿನಿಂದ ಹೆಚ್ಚಾಗಿವೆ. ಅವುಗಳಲ್ಲಿ ಆರನ್ನು ಆರಿಸಿಕೊಂಡು ಈ ಸಲದ ಪುಟಗಳನ್ನು ಅವಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನಾನು ಮತ್ತು ನಮ್ಮತ್ತೆ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಹನ್ನೊಂದು ವರ್ಷದಿಂದ ಮಾರುತ್ತಿದ್ದೇವೆ. ಬೆಂಗಳೂರು, ಮುಂಬೈಗಳಲ್ಲಿರುವ ನಮ್ಮ ಕಡೆಯವರು ಫೋನ್ ಮಾಡಿ ಕೊರಿಯರ್‌ನಲ್ಲಿ ತರಿಸಿಕೊಳ್ಳುತ್ತಾರೆ. ವೆಬ್‌ಸೈಟ್ ಮಾಡಿಸೋಣವೆಂದು ಮೂವರನ್ನು ವಿಚಾರಿಸಿದಾಗ ಒಬ್ಬರು 8,000, ಇನ್ನೊಬ್ಬರು 40,000, ಮತ್ತೊಬ್ಬರು 1,50,000 ರೂಪಾಯಿ ಹೇಳಿದರು. ಒಂದೇ ಕೆಲಸಕ್ಕೆ ಇಷ್ಟೊಂದು ಅಂತರ ಏಕೆ? ಯಾರಿಗೆ ಒಪ್ಪಿಸಬೇಕು? – ಸಾಗರ

ಉತ್ತರ: ಮೂವರೂ ಹೇಳಿರುವುದು ಒಂದೇ ಕೆಲಸದ ಬೆಲೆಯಲ್ಲ. ಎಷ್ಟು ಚದರ, ಎಷ್ಟು ಅಂತಸ್ತು, ತಾರಸಿಯೋ ಹೆಂಚೋ ಎಂಬುದನ್ನು ತಿಳಿಸದೆ ಮನೆಗೆ ಎಷ್ಟಾಗುತ್ತದೆ ಎಂದು ಮೂವರು ಮೇಸ್ತ್ರಿಗಳನ್ನು ಕೇಳಿದರೆ ಮೂರು ಬಗೆಯ ಉತ್ತರ ಬರುವಂತೆಯೇ, ‘ವೆಬ್‌ಸೈಟ್ ಬೇಕು’ ಎಂದಷ್ಟೇ ಕೇಳಿದಾಗ ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿರುವ ವೆಬ್‌ಸೈಟಿಗೆ ಬೆಲೆ ಹೇಳುತ್ತಾರೆ.

8,000 ರೂಪಾಯಿ ಹೇಳಿದವರು ಬಹುಮಟ್ಟಿಗೆ ವರ್ಡ್‌ಪ್ರೆಸ್ ತಂತ್ರಾಂಶದ ಮೇಲೆ ಸಿದ್ಧ ವಿನ್ಯಾಸವೊಂದನ್ನು ಕೂರಿಸಿ, ನಿಮ್ಮ ಹೆಸರು ಮತ್ತು ನಾಲ್ಕು ಚಿತ್ರಗಳನ್ನು ಹಾಕಿಕೊಡುವವರು. ವರ್ಡ್‌ಪ್ರೆಸ್ 2003ರಲ್ಲಿ ಬಂದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಮುಕ್ತ ತಂತ್ರಾಂಶ. ಅದನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲ, ಸಣ್ಣ ಅಂಗಡಿಗಳ ಒಳ್ಳೆಯ ಜಾಲತಾಣಗಳು ಎಷ್ಟೋ ಅದರ ಮೇಲೆಯೇ ನಿಂತಿವೆ. ಆದರೆ ಹಣ ಕೊಟ್ಟು ಕೊಳ್ಳಬೇಕಾದ ವಿನ್ಯಾಸದ ಕದ್ದ ಪ್ರತಿಯನ್ನು ಹಾಕುವವರೂ ಇದ್ದಾರೆ. ಇಂಥ ಪ್ರತಿಗಳೊಳಗೆ ಕುತಂತ್ರಾಂಶ ಅಡಗಿರುವುದು ಸಾಮಾನ್ಯ. ಆರು ತಿಂಗಳ ಮೇಲೆ ನಿಮ್ಮ ಪುಟ ತೆರೆದವರನ್ನು ಅದು ಯಾವುದೋ ಜೂಜಿನ ತಾಣಕ್ಕೆ ಎಳೆದೊಯ್ಯಬಹುದು. ಆದ್ದರಿಂದ ವಿನ್ಯಾಸ ಯಾವುದು, ಅದರ ಲೈಸೆನ್ಸ್ ಯಾರ ಹೆಸರಿನಲ್ಲಿದೆ, ರಸೀದಿ ಎಲ್ಲಿದೆ ಎಂದು ಸಂಕೋಚಪಡದೆ ಕೇಳಿ. 1,50,000 ಹೇಳಿದವರು ಪ್ರಾಯಶಃ ಒಂದು ಕಂಪನಿ. ಅಲ್ಲಿ ವಿನ್ಯಾಸ ಮಾಡುವವರು, ಕೋಡ್ ಬರೆಯುವವರು, ಪರೀಕ್ಷಿಸುವವರು ಬೇರೆ ಬೇರೆ. ನೂರಾರು ಬಗೆಯ ಸರಕು, ದಾಸ್ತಾನಿನ ಲೆಕ್ಕ, ಹಲವು ಗೋದಾಮುಗಳು ಇರುವವರಿಗೆ ಅದು ನ್ಯಾಯವಾದ ಬೆಲೆಯೇ ಇರಬಹುದು, ಏಳೆಂಟು ಬಗೆಯ ಉಪ್ಪಿನಕಾಯಿಗೆ ಅಲ್ಲ.

ಇನ್ನೊಮ್ಮೆ ಅವರನ್ನು ಕಾಣುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಅಗತ್ಯವನ್ನು ಬರೆಯಿರಿ. ಎಷ್ಟು ಬಗೆಯ ಉಪ್ಪಿನಕಾಯಿ, ಯಾವ ಯಾವ ತೂಕದ ಬಾಟಲಿ, ಮಿಡಿಯ ಕಾಲದಲ್ಲಿ ಮಾತ್ರ ಸಿಗುವುದು ಯಾವುದು, ವಾರದಲ್ಲಿ ಯಾವ ದಿನ ಪಾರ್ಸೆಲ್ ಕಳಿಸುತ್ತೀರಿ, ಗಿರಾಕಿ ಪುಟದ ಮೇಲೆಯೇ ಹಣ ಕಟ್ಟಬೇಕೋ ಅಥವಾ ವಾಟ್ಸಾಪ್‌ನಲ್ಲಿ ಆರ್ಡರ್ ಹೇಳಿ ಯುಪಿಐ ಮೂಲಕ ಕಳಿಸಿದರೆ ಸಾಕೋ, ಬೆಲೆ ಬದಲಾದಾಗ ಅದನ್ನು ತಿದ್ದುವವರು ಯಾರು ಎಂಬುದೆಲ್ಲ ಅದರಲ್ಲಿರಲಿ. ಈ ಒಂದೇ ಹಾಳೆಯನ್ನು ಮೂವರಿಗೂ ಕಳಿಸಿದರೆ ಆಗ ಬರುವ ಮೂರು ಬೆಲೆಗಳನ್ನು ಹೋಲಿಸಬಹುದು. ಡೊಮೇನ್ (ತಾಣದ ವಿಳಾಸ) ಮತ್ತು ಹೋಸ್ಟಿಂಗ್ (ತಾಣವನ್ನು ಅಂತರ್ಜಾಲದಲ್ಲಿ ಇರಿಸುವ ಜಾಗದ ಬಾಡಿಗೆ) ಖರ್ಚು ಬೆಲೆಯೊಳಗೆ ಸೇರಿದೆಯೇ, ಎರಡನೆಯ ವರ್ಷ ಅವುಗಳಿಗೆ ಎಷ್ಟು ಕಟ್ಟಬೇಕು, ಶೇಕಡಾ 18ರ ಜಿಎಸ್‌ಟಿ ಸೇರಿಸಿ ಹೇಳಿದ್ದೇ ಅಥವಾ ಅದು ಬೇರೆಯೇ ಎಂಬುದನ್ನೂ ಬರೆದು ಕೊಡಲು ಹೇಳಿ. ಹೋಸ್ಟಿಂಗ್ ಕಂಪನಿಗಳು ಮೊದಲ ವರ್ಷಕ್ಕೆ ಭಾರೀ ರಿಯಾಯಿತಿ ಕೊಟ್ಟು ನವೀಕರಣದ ಹೊತ್ತಿಗೆ ದುಪ್ಪಟ್ಟು ಕೇಳುವುದು ಈ ವ್ಯಾಪಾರದ ರೂಢಿ.

ಇನ್ನು ಯಾರಿಗೆ ಎಂಬುದು. ಅವರು ಮಾಡಿದ ಹೊಸ ತಾಣಗಳನ್ನಲ್ಲ, ಎರಡು ಮೂರು ವರ್ಷ ಹಳೆಯದಾದ ತಾಣಗಳನ್ನು ತೋರಿಸಲು ಕೇಳಿ, ಆ ಮಾಲೀಕರೊಂದಿಗೆ ಫೋನಿನಲ್ಲಿ ಮಾತನಾಡಿ. ಹೊಸತರಲ್ಲಿ ಎಲ್ಲ ತಾಣಗಳೂ ಚೆನ್ನಾಗಿಯೇ ಕಾಣುತ್ತವೆ. ಆ ತಾಣಗಳನ್ನು ಡಿಸೈನರ್ ಕಚೇರಿಯ ದೊಡ್ಡ ಪರದೆಯ ಮೇಲೆ ನೋಡಬೇಡಿ, ನಿಮ್ಮದೇ ಮೊಬೈಲ್‌ನಲ್ಲಿ ನೋಡಿ. ಹೊಸನಗರದ ಹತ್ತಿರ ಪರಿಚಯದವರ ಮನೆಯ ಜಗುಲಿಯಲ್ಲಿ ಕೂತು ಇಂಥದೊಂದು ಪರೀಕ್ಷೆ ಮಾಡಿದ್ದೆ. ಸಿಗ್ನಲ್ ಒಂದು ಗೆರೆ ಇತ್ತು. ಅವರ ತಾಣದ ಮೊದಲ ಪುಟದ ಭರಣಿಯ ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯುತ್ತಾ ಇತ್ತು. ಬಾಯಿಗೆ ಕಟ್ಟಿದ ಬಟ್ಟೆ ಕಂಡಿತು, ಕಂಠ ಕಂಡಿತು, ಭರಣಿಯ ಹೊಟ್ಟೆ ಕಾಣುವ ಮೊದಲೇ ಮನೆಯಾಕೆ ಕಾಫಿ ತಂದಿಟ್ಟರು. ಕ್ಯಾಮೆರಾದಿಂದ ತೆಗೆದ ಏಳು ಎಂಬಿಯ ಚಿತ್ರವನ್ನು ಕುಗ್ಗಿಸದೆ ಹಾಗೆಯೇ ಏರಿಸಿದ್ದರು. ಅದನ್ನು ಇನ್ನೂರು ಕೆಬಿಗೆ ಇಳಿಸಲು ಎರಡು ನಿಮಿಷ ಸಾಕಿತ್ತು. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಸಾಧನದಲ್ಲಿ ಯಾವುದೇ ತಾಣದ ವಿಳಾಸ ಹಾಕಿದರೂ ಇಂಥ ಲೋಪಗಳನ್ನು ಅದು ತೋರಿಸಿಕೊಡುತ್ತದೆ.

ಬರಹವನ್ನು ಮಾತ್ರ ಡಿಸೈನರ್‌ಗೆ ಬಿಡಬೇಡಿ. ಬಿಟ್ಟರೆ ‘ಸಾಂಪ್ರದಾಯಿಕ ರುಚಿ, ಉತ್ತಮ ಗುಣಮಟ್ಟ’ ಎಂಬ ಎರಡು ಸಾಲು ಬರುತ್ತದೆ, ಅದು ಯಾರ ಉಪ್ಪಿನಕಾಯಿಗಾದರೂ ಹೊಂದುತ್ತದೆ. ಮಿಡಿಯನ್ನು ತೊಟ್ಟು ಸಮೇತ ಏಕೆ ಕೊಯ್ಯುತ್ತಾರೆ, ಸೊನೆ ಎಂದರೇನು, ಜೀರಿಗೆ ಮಿಡಿಯ ಪರಿಮಳ ಎಂಥದು, ಎಣ್ಣೆ ಹಾಕದೆಯೂ ಅದು ವರ್ಷಗಟ್ಟಲೆ ಹೇಗೆ ಉಳಿಯುತ್ತದೆ ಎಂಬುದನ್ನು ನಿಮ್ಮತ್ತೆ ಹೇಳಲಿ, ನೀವು ಬರೆದುಕೊಳ್ಳಿ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಅಪ್ಪೆಮಿಡಿಯ ಬಗ್ಗೆ ಹೇಳಲು ನಿಮ್ಮಲ್ಲಿ ಬೇಕಾದಷ್ಟಿದೆ. ಕಾನೂನಿನ ದೃಷ್ಟಿಯಿಂದ ಇರಲೇಬೇಕಾದ ಕೆಲವು ವಿವರಗಳೂ ಇವೆ. ಅಂತರ್ಜಾಲದಲ್ಲಿ ಮಾರುವ ಪೊಟ್ಟಣದ ಪದಾರ್ಥಕ್ಕೆ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಪುಟದ ಮೇಲೆ ಕಾಣಬೇಕು. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಕೇಳುವವರ ಹೆಸರು ಮತ್ತು ಸಂಪರ್ಕ ಇರಬೇಕು, ದೂರು ಬಂದ 48 ಗಂಟೆಯೊಳಗೆ ಅದು ತಲುಪಿದೆ ಎಂದು ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಆಹಾರ ಸುರಕ್ಷತಾ ಪ್ರಾಧಿಕಾರ ಕೊಟ್ಟ ನಿಮ್ಮ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನೂ ಹಾಕಿಸಿ. ಈ ವಿಷಯಗಳನ್ನು ನೀವು ಎತ್ತುವ ಮೊದಲೇ ಎತ್ತಿದ ಡಿಸೈನರ್, ಹಾಳೆ ಓದಿ ನಿಮಗೆ ಹೆಚ್ಚು ಪ್ರಶ್ನೆ ಕೇಳಿದ ಡಿಸೈನರ್, ಆ ಮೂವರಲ್ಲಿ ಯಾರೇ ಆಗಿರಲಿ, ಕೆಲಸವನ್ನು ಅವರಿಗೇ ಕೊಡಿ.

ಪ್ರಶ್ನೆ: ನಮ್ಮದು ಬೀಜ ಮತ್ತು ಕೃಷಿ ಉಪಕರಣಗಳ ಅಂಗಡಿ. ಐದು ವರ್ಷದ ಹಿಂದೆ ಪರಿಚಯದ ಹುಡುಗನೊಬ್ಬ ಡಾಟ್ ಕಾಮ್ ಹೆಸರಿನಲ್ಲಿ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಪ್ರತಿವರ್ಷ ಅವನಿಗೆ 3,500 ರೂಪಾಯಿ ಕೊಡುತ್ತಿದ್ದೆವು. ಈಗ ಅವನು ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ, ಫೋನ್ ಎತ್ತುವುದು ಅಪರೂಪ. ಹೋದ ವಾರದಿಂದ ನಮ್ಮ ವೆಬ್‌ಸೈಟ್ ತೆರೆಯುತ್ತಿಲ್ಲ, ಇ-ಮೇಲ್ ಕೂಡ ಬರುತ್ತಿಲ್ಲ. ಹೊಸ ಡಿಸೈನರ್ ಒಬ್ಬರನ್ನು ಗೊತ್ತು ಮಾಡಿದರೆ ಸರಿಹೋಗುತ್ತದೆಯೇ? – ರಾಣೆಬೆನ್ನೂರು

ಉತ್ತರ: ಹೊಸ ಡಿಸೈನರ್ ವಿಷಯ ಆಮೇಲೆ. ಮೊದಲು ಇವತ್ತೇ ಮಾಡಬೇಕಾದ ಕೆಲಸವೊಂದಿದೆ.

ಜಾಲತಾಣದ ವಿಳಾಸಕ್ಕೆ ಡೊಮೇನ್ ಎನ್ನುತ್ತಾರೆ. ಅದನ್ನು ರಿಜಿಸ್ಟ್ರಾರ್ ಎಂಬ ಕಂಪನಿಯೊಂದರ ಮೂಲಕ ವರ್ಷಗಳ ಲೆಕ್ಕದಲ್ಲಿ ನೋಂದಾಯಿಸಿಕೊಳ್ಳಬೇಕು, ಅವಧಿ ಮುಗಿಯುವ ಮೊದಲು ನವೀಕರಿಸಬೇಕು. ತಾಣ ಮತ್ತು ಇ-ಮೇಲ್ ಎರಡೂ ಒಟ್ಟಿಗೇ ನಿಂತಿವೆ ಎಂದರೆ ನಿಮ್ಮ ಡೊಮೇನಿನ ಅವಧಿ ಮುಗಿದಿರುವ ಸಂಭವವೇ ಹೆಚ್ಚು. ‘ಹೂಈಸ್’ ಎಂಬ ಸಾರ್ವಜನಿಕ ಹುಡುಕು ಪುಟದಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. ನೋಂದಾಯಿಸಿದವರ ಹೆಸರು ಮರೆಯಾಗಿದ್ದರೂ ರಿಜಿಸ್ಟ್ರಾರ್ ಯಾರು, ಅವಧಿ ಯಾವ ದಿನಾಂಕಕ್ಕೆ ಮುಗಿಯಿತು, ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ಕಾಣುತ್ತದೆ. ಡಾಟ್ ಕಾಮ್ ಹೆಸರುಗಳನ್ನು ಅವಧಿ ಮುಗಿದ ಮೇಲೂ ಕೆಲ ದಿನ ಮಾಮೂಲು ಶುಲ್ಕಕ್ಕೇ ನವೀಕರಿಸಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಎಷ್ಟು ದಿನ ಎಂಬುದು ರಿಜಿಸ್ಟ್ರಾರ್ ಮೇಲೆ ಹೋಗುತ್ತದೆ. ಹೆಸರನ್ನು ಅಳಿಸಿದ ಮೇಲೆ 30 ದಿನಗಳ ‘ರಿಡೆಂಪ್ಷನ್’ ಅವಧಿ ಬರುತ್ತದೆ, ಆಗ ಹಿಂಪಡೆಯಲು ಹಲವು ಪಟ್ಟು ದಂಡ ತೆರಬೇಕು. ಅದಾಗಿ 5 ದಿನ ಕಳೆದರೆ ಆ ಹೆಸರು ಪೇಟೆಗೆ ಬಿದ್ದಂತೆ. ಯಾರು ಬೇಕಾದರೂ ಕೊಳ್ಳಬಹುದು. ಒಂದು ವಾರವಷ್ಟೇ ಆಗಿರುವುದರಿಂದ ನಿಮಗೆ ಕಾಲಾವಕಾಶ ಇರಬೇಕು, ಆದರೆ ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಮುಂದೂಡುವಷ್ಟು ಇಲ್ಲ.

ಹುಡುಗ ಮೋಸ ಮಾಡಿದನೆಂದು ಮೊದಲೇ ತೀರ್ಮಾನಿಸಬೇಡಿ. ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ ಐಕ್ಯಾನ್‌ನ ನಿಯಮದಂತೆ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಮತ್ತು ಒಂದು ವಾರ ಮೊದಲು ರಿಜಿಸ್ಟ್ರಾರ್ ನೆನಪೋಲೆ ಕಳಿಸಲೇಬೇಕು. ಆ ಓಲೆಗಳು ನೋಂದಣಿಯಲ್ಲಿರುವ ಇ-ಮೇಲ್‌ಗೆ ಹೋಗುತ್ತವೆ. ಅದು ಅವನ ಹಳೆಯ ಇ-ಮೇಲ್ ಆಗಿದ್ದರೆ ಅವನೂ ನೋಡಿಲ್ಲ, ನಿಮಗೂ ಗೊತ್ತಾಗಿಲ್ಲ. ಫೋನ್ ಎತ್ತದಿದ್ದರೆ ಸೌಜನ್ಯದಿಂದಲೇ ಒಂದು ಸಂದೇಶ ಬರೆಯಿರಿ, ಅವರ ಮನೆಯವರ ಮೂಲಕ ಹೇಳಿಕಳಿಸಿ. ನಮ್ಮ ಊರುಗಳಲ್ಲಿ ಇದಕ್ಕಿಂತ ಬೇಗ ಫಲ ಕೊಡುವ ದಾರಿ ಇನ್ನೊಂದಿಲ್ಲ. ಅವನಿಂದ ಕೇಳಬೇಕಾದುದು ಇಷ್ಟು: ಮೊದಲು ನವೀಕರಣ, ಶುಲ್ಕ ನಿಮ್ಮದು, ಬಳಿಕ ಅದೇ ರಿಜಿಸ್ಟ್ರಾರ್ ಬಳಿ ನಿಮ್ಮ ಹೆಸರಿನಲ್ಲಿ ಹೊಸ ಖಾತೆ ತೆರೆದು ಡೊಮೇನನ್ನು ಅವನ ಖಾತೆಯಿಂದ ನಿಮ್ಮ ಖಾತೆಗೆ ವರ್ಗಾಯಿಸುವುದು. ಬೇರೆ ರಿಜಿಸ್ಟ್ರಾರ್‌ಗೆ ಒಯ್ಯುವುದಾದರೆ ‘ಆತ್ ಕೋಡ್’ ಎಂಬ ಗುಪ್ತ ಸಂಕೇತ ಬೇಕು. ನೋಂದಾಯಿಸಿದವರು ಕೇಳಿದ ಐದು ದಿನದೊಳಗೆ ಅದನ್ನು ಕೊಡಬೇಕೆಂಬ ನಿಯಮವಿದೆ. ಇಲ್ಲಿ ಗಮನಿಸಬೇಕಾದ ಮಾತು ‘ನೋಂದಾಯಿಸಿದವರು’ ಎಂಬುದೇ. ಐದು ವರ್ಷ ಹಣ ಕೊಟ್ಟವರು ನೀವಾದರೂ ರಿಜಿಸ್ಟ್ರಾರ್ ಕಣ್ಣಿಗೆ ಮಾಲೀಕ ಅವನೇ. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರನ್ನೇ ಕಚೇರಿಯವರು ಮಾತನಾಡಿಸುವಂತೆ ಇದು.

ಇದರ ಕಷ್ಟ ನಾನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಅಣ್ಣನ ಪುಸ್ತಕದಂಗಡಿಯ ಡೊಮೇನ್ ಹೀಗೆಯೇ ಇನ್ನೊಬ್ಬರ ಹೆಸರಿನಲ್ಲಿದ್ದು ಕೈತಪ್ಪಿತು. ಒಂದು ದಿನ ಬೆಳಿಗ್ಗೆ ಗಿರಾಕಿಯೊಬ್ಬರು ಫೋನ್ ಮಾಡಿ, ಮಕ್ಕಳ ಪುಸ್ತಕದ ಪಟ್ಟಿ ನೋಡಲು ಹೋದರೆ ಇಸ್ಪೀಟಿನ ಜಾಹೀರಾತು ಬರುತ್ತಿದೆ ಎಂದಾಗಲೇ ನಮಗೆ ತಿಳಿದದ್ದು. ಗಲ್ಲಾದ ಪಕ್ಕದಲ್ಲಿ ಅದೇ ವಿಳಾಸ ಅಚ್ಚು ಹಾಕಿಸಿದ ಬಿಲ್ ಪುಸ್ತಕಗಳ ಎರಡು ಕಟ್ಟು ಇದ್ದವು. ಅಣ್ಣ ಸ್ಕೇಲು ಹಿಡಿದು ಒಂದೊಂದು ಹಾಳೆಯ ಆ ಸಾಲಿನ ಮೇಲೆ ಕಪ್ಪು ಗೆರೆ ಎಳೆಯುತ್ತಾ ಕುಳಿತಿದ್ದ. ಅದಕ್ಕಿಂತ ಆತಂಕದ ವಿಷಯ ಮಧ್ಯಾಹ್ನ ನೆನಪಾಯಿತು: ಜಿಎಸ್‌ಟಿ ಖಾತೆಗೆ ಕೊಟ್ಟಿದ್ದ ಇ-ಮೇಲ್ ಕೂಡ ಆ ಡೊಮೇನಿನದೇ. ಹೆಸರು ಕೊಂಡವರು ಮನಸ್ಸು ಮಾಡಿದರೆ ಆ ವಿಳಾಸಕ್ಕೆ ಬರುವ ಒಟಿಪಿಗಳು ಅವರ ಕೈ ಸೇರುತ್ತವೆ. ನೀವೂ ಜಿಎಸ್‌ಟಿ, ಬ್ಯಾಂಕು, ಬೀಜ ಕಂಪನಿಗಳ ಡೀಲರ್ ಖಾತೆ, ಇವುಗಳಲ್ಲಿ ಎಲ್ಲೆಲ್ಲಿ ಆ ಇ-ಮೇಲ್ ಕೊಟ್ಟಿದ್ದೀರೋ ಅಲ್ಲೆಲ್ಲ ತಡಮಾಡದೆ ಬದಲಾಯಿಸಿ.

ಹೆಸರು ಕೈತಪ್ಪಿಯೇ ಹೋದರೆ, ನಿಮ್ಮ ಅಂಗಡಿಯ ಹೆಸರು ನೋಂದಾಯಿತ ಟ್ರೇಡ್‌ಮಾರ್ಕ್ ಆಗಿದ್ದಲ್ಲಿ ದೂರು ಕೊಡುವ ಅಂತರರಾಷ್ಟ್ರೀಯ ವ್ಯವಸ್ಥೆಯಿದೆ. ಡಾಟ್ ಇನ್ ಹೆಸರುಗಳಿಗೆ ನಮ್ಮ ದೇಶದ್ದೇ ಆದ ವ್ಯವಸ್ಥೆಯೂ ಇದೆ. ಆದರೆ ಡಾಟ್ ಕಾಮ್ ದೂರಿಗೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಾದ ವೈಪೊದಲ್ಲಿ ಕಟ್ಟಬೇಕಾದ ಶುಲ್ಕವೇ 1,500 ಡಾಲರ್. ಸಣ್ಣ ಅಂಗಡಿಗೆ ಅದು ಎಟುಕುವ ಮಾತಲ್ಲ; ಹೊಸ ಹೆಸರು ತೆಗೆದುಕೊಂಡು ಬೋರ್ಡು, ಬಿಲ್ಲುಗಳನ್ನು ತಿದ್ದಿಸುವುದೇ ಮೇಲು. ಹಳೆಯ ಪುಟಗಳ ಬರಹಕ್ಕೆ ಪ್ರತಿ ಇಲ್ಲದಿದ್ದರೆ ಇಂಟರ್‌ನೆಟ್ ಆರ್ಕೈವ್‌ನ ‘ವೇಬ್ಯಾಕ್ ಮಷೀನ್’ನಲ್ಲಿ ನಿಮ್ಮ ಹಳೆಯ ವಿಳಾಸ ಹಾಕಿ ಹುಡುಕಿ. ಅದೆಷ್ಟೋ ಸಣ್ಣ ತಾಣಗಳ ಹಳೆಯ ಪುಟಗಳು ಅಲ್ಲಿ ದಿನಾಂಕ ಸಹಿತ ಉಳಿದಿರುತ್ತವೆ, ಅಣ್ಣನ ಪುಸ್ತಕ ಪಟ್ಟಿಯ ಅರ್ಧದಷ್ಟು ನಮಗೆ ಸಿಕ್ಕಿದ್ದು ಅಲ್ಲಿಂದಲೇ.

ಹೊಸ ಡಿಸೈನರ್ ಬಂದಾಗ ಡೊಮೇನನ್ನು ನೀವೇ, ನಿಮ್ಮ ಹೆಸರಿನಲ್ಲಿ, ನಿಮ್ಮ ಮೊಬೈಲ್ ಸಂಖ್ಯೆ ಮತ್ತು ಆ ಡೊಮೇನಿಗೆ ಸೇರದ ಬೇರೊಂದು ಇ-ಮೇಲ್ ಕೊಟ್ಟು, ನಿಮ್ಮ ಕಾರ್ಡಿನಿಂದಲೇ ಕೊಳ್ಳಿ. ಹತ್ತು ನಿಮಿಷದ ಕೆಲಸ, ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಖರ್ಚು. ಹೋಸ್ಟಿಂಗ್ ಖಾತೆಯೂ ಹಾಗೆಯೇ ಇರಲಿ. ಡಿಸೈನರ್‌ಗೆ ಕೆಲಸ ಮಾಡಲು ಬೇಕಾದ ಪ್ರವೇಶವನ್ನು ಪ್ರತ್ಯೇಕ ಬಳಕೆದಾರರ ಹೆಸರಿನಲ್ಲಿ ಕೊಡಬಹುದು, ಕೆಲಸ ಮುಗಿದ ಮೇಲೆ ಹಿಂದಕ್ಕೆ ಪಡೆಯಬಹುದು. ‘ಅದೆಲ್ಲ ನಿಮಗ್ಯಾಕೆ ಸರ್, ನಾವೇ ನೋಡ್ಕೋತೀವಿ’ ಎನ್ನುವವರು ಒಳ್ಳೆಯವರೇ ಇರಬಹುದು, ಆದರೂ ಒಪ್ಪಬೇಡಿ.

ಪ್ರಶ್ನೆ: ನಾನು ಯೋಗ ತರಗತಿ ನಡೆಸುತ್ತೇನೆ. ಡಿಸೈನರ್ ಒಬ್ಬರನ್ನು ಗೊತ್ತು ಮಾಡಿದ್ದೇನೆ, ಒಳ್ಳೆಯ ಹೆಣ್ಣುಮಗಳು. ಒಪ್ಪಂದಪತ್ರ ಬೇಕೇ? ಕೇಳಿದರೆ ನಂಬಿಕೆಯಿಲ್ಲ ಎಂದುಕೊಂಡಾರು ಎಂಬ ಸಂಕೋಚ. – ಮೈಸೂರು

ಉತ್ತರ: ಬೇಕು. ಒಪ್ಪಂದ ಆಕೆಗೂ ರಕ್ಷಣೆಯೇ. ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ ಎಂಬುದು ಬರೆದಿಲ್ಲದ ಕಾರಣಕ್ಕೆ ‘ಇದೊಂದು ಸೇರಿಸಿಬಿಡಿ’ ಎಂಬ ಮಾತಿಗೆ ತಿಂಗಳುಗಟ್ಟಲೆ ಪುಕ್ಕಟೆ ದುಡಿದ ಡಿಸೈನರ್‌ಗಳನ್ನು ನಾನು ಬಲ್ಲೆ. ಎರಡು ಪುಟದ ಸರಳ ಕನ್ನಡದ ಪತ್ರವಾದರೂ ಸಾಕು, ಇಬ್ಬರೂ ಸಹಿ ಹಾಕಿರಬೇಕು.

ಹೆಚ್ಚಿನವರಿಗೆ ತಿಳಿದಿಲ್ಲದ ಒಂದು ವಿಷಯವನ್ನು ಇಲ್ಲಿ ವಿವರವಾಗಿ ಹೇಳಬೇಕಾಗಿದೆ. ಹಣ ಕೊಟ್ಟು ಮಾಡಿಸಿದ್ದು ತಾನಾಗಿಯೇ ನಮ್ಮದಾಗುತ್ತದೆ ಎಂಬ ಭಾವನೆ ವ್ಯಾಪಕವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ನಿಮ್ಮಲ್ಲಿ ಸಂಬಳಕ್ಕಿರುವ ನೌಕರರು ಕೆಲಸದ ಭಾಗವಾಗಿ ಮಾಡಿದ್ದರ ಹಕ್ಕು ನಿಮಗೆ ಸೇರುತ್ತದೆ. ಹೊರಗಿನಿಂದ ಗುತ್ತಿಗೆ ಪಡೆದು ಮಾಡಿದವರ ಕೋಡ್, ಬರಹಗಳ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿದವರಲ್ಲೇ ಉಳಿಯುತ್ತದೆ. ಅದನ್ನು ನಿಮಗೆ ವರ್ಗಾಯಿಸುವುದು ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು. ಬರೆದುಕೊಡುವಾಗ ಅವಧಿಯನ್ನು ನಮೂದಿಸದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯಿದೆಯ 19ನೆಯ ವಿಧಿ ಭಾವಿಸುತ್ತದೆ. ಹಾಗಾಗಿ ‘ಹಕ್ಕಿನ ಪೂರ್ಣಾವಧಿಗೆ, ಎಲ್ಲ ದೇಶಗಳಿಗೂ ಅನ್ವಯಿಸುವಂತೆ’ ಎಂಬ ಮಾತು ಪತ್ರದಲ್ಲಿರಲಿ. ಛಾಯಾಚಿತ್ರಗಳ ವಿಷಯ ಸ್ವಲ್ಪ ಬೇರೆ: ನೀವು ಹಣ ಕೊಟ್ಟು ಹೇಳಿ ತೆಗೆಸಿದ ಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದವಿಲ್ಲದಿದ್ದರೆ, ನೀವೇ. ಆದರೆ ಅಂತರ್ಜಾಲದಿಂದ ಎತ್ತಿಕೊಂಡ ಯೋಗಾಸನದ ಚಿತ್ರ ನಿಮ್ಮ ಪುಟದಲ್ಲಿ ಕಂಡರೆ ಅದರ ಒಡೆಯರ ನೋಟಿಸು ಬರುವುದು ನಿಮಗೆ. ಚಿತ್ರಗಳ ಮೂಲ ಯಾವುದು ಎಂಬುದನ್ನೂ ಬರೆಸಿಕೊಳ್ಳಿ.

ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಡಿ. ಶುರುವಿಗೆ ಮೂರನೆಯ ಒಂದು ಭಾಗ, ವಿನ್ಯಾಸ ಒಪ್ಪಿದಾಗ ಇನ್ನೊಂದು, ಎಲ್ಲ ಪಾಸ್‌ವರ್ಡ್‌ಗಳು ಮತ್ತು ತಾಣದ ಪೂರ್ತಿ ಬ್ಯಾಕಪ್ ನಿಮ್ಮ ಕೈಸೇರಿದ ದಿನ ಕೊನೆಯ ಕಂತು ಎಂಬುದು ಇಬ್ಬರಿಗೂ ನ್ಯಾಯವಾದ ರೀತಿ. ಕೆಲಸ ಮುಗಿದ ಮೇಲೆ ವರ್ಷಕ್ಕಿಷ್ಟು ಎಂದು ನಿರ್ವಹಣೆಯ ಹಣ ಕೊಡುವುದಾದರೆ ಅದಕ್ಕೆ ಪ್ರತಿಯಾಗಿ ಏನು ಮಾಡುತ್ತಾರೆ, ತಂತ್ರಾಂಶವನ್ನು ಎಷ್ಟು ದಿನಕ್ಕೊಮ್ಮೆ ಅಪ್‌ಡೇಟ್ ಮಾಡುತ್ತಾರೆ, ಬ್ಯಾಕಪ್ ಎಲ್ಲಿಡುತ್ತಾರೆ ಎಂಬುದೂ ಬರೆದಿರಲಿ. ನಿಮ್ಮಲ್ಲಿ ಸೇರುವವರ ಆರೋಗ್ಯದ ವಿವರವನ್ನು ಪುಟದ ಮೂಲಕ ಕೇಳುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಹೆಸರು ಮತ್ತು ಫೋನ್ ಸಾಕು, ಉಳಿದದ್ದನ್ನು ಎದುರು ಕೂರಿಸಿಕೊಂಡು ಕೇಳುವುದೇ ಸರಿ.

ಪ್ರಶ್ನೆ: ನಮ್ಮದು ನೇಕಾರರ ಮನೆತನ, ಇಳಕಲ್ ಸೀರೆ ನೇಯುತ್ತೇವೆ. ವೆಬ್‌ಸೈಟಿನಲ್ಲಿ ಕನ್ನಡ ಹಾಕಿಸಬೇಕೆಂದರೆ ಡಿಸೈನರ್, ‘ಕನ್ನಡ ಸರಿಯಾಗಿ ಬರಲ್ಲ, ಗೂಗಲ್‌ನಲ್ಲೂ ಸಿಗಲ್ಲ’ ಎನ್ನುತ್ತಾರೆ. ನಿಜವೇ? – ಇಳಕಲ್

ಉತ್ತರ: ನಿಜವಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರ್‌ನಲ್ಲಿ ಬಳಸುವ ಏಕರೂಪದ ಸಂಕೇತ ವ್ಯವಸ್ಥೆಯೇ ಯೂನಿಕೋಡ್. ಕನ್ನಡ ಲಿಪಿ ಅದರಲ್ಲಿ ಮೊದಲ ಆವೃತ್ತಿ ಬಂದ 1991ರಿಂದಲೇ ಇದೆ. ಇವತ್ತಿನ ಯಾವ ಮೊಬೈಲ್‌ನಲ್ಲಾದರೂ ಅದು ಸರಾಗವಾಗಿ ಕಾಣುತ್ತದೆ, ಗೂಗಲ್ ಅದನ್ನು ಹುಡುಕುತ್ತದೆ. ನಿಮ್ಮ ಡಿಸೈನರ್ ಕಂಡ ತೊಂದರೆಗೆ ಎರಡು ಕಾರಣಗಳಿರಬಹುದು. ಡಿಟಿಪಿ ಅಂಗಡಿಯಲ್ಲಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ನೇರವಾಗಿ ಪುಟಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೊಂದಲ ಕಾಣುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದಂಥವು; ಅಂಥ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳಿವೆ, ಈಗಿನ ‘ನುಡಿ’ ಮತ್ತು ‘ಬರಹ’ಗಳಲ್ಲೂ ಯೂನಿಕೋಡ್ ಆಯ್ಕೆ ಇದೆ. ಎರಡನೆಯದು, ಇಂಗ್ಲಿಷಿಗೆಂದು ಅಳೆದ ಸಾಲಿನ ಅಂತರದೊಳಗೆ ಕನ್ನಡವನ್ನು ತುರುಕುವುದು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಅಂತರ ಸಾಲದಿದ್ದರೆ ಅದರ ಕಾಲು ಕತ್ತರಿಸಿಹೋಗುತ್ತದೆ. ‘ಸ್ವಾತಂತ್ರ್ಯ’, ‘ಸೂರ್ಯ’, ‘ಅಮ್ಮ’ ಎಂಬ ಮೂರು ಪದಗಳನ್ನು ಶೀರ್ಷಿಕೆಯ ದೊಡ್ಡ ಅಕ್ಷರದಲ್ಲೂ ಗುಂಡಿಗಳ ಸಣ್ಣ ಅಕ್ಷರದಲ್ಲೂ ಹಾಕಿಸಿ ನೋಡಿ. ಒತ್ತು ಮತ್ತು ಅರ್ಕಾವೊತ್ತು ಎರಡೂ ಕಡೆ ಸರಿಯಿದ್ದರೆ ಡಿಸೈನರ್‌ಗೆ ಕೆಲಸ ಬರುತ್ತದೆ ಎಂದರ್ಥ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಮೊದಲಾದ ಉಚಿತ ಫಾಂಟುಗಳಿವೆ. ಬರಹವನ್ನು ಚಿತ್ರವಾಗಿ ಮಾಡಿ ಅಂಟಿಸಲು ಮಾತ್ರ ಬಿಡಬೇಡಿ, ಅದನ್ನು ಗೂಗಲ್ ಪಠ್ಯದಂತೆ ಓದಲಾರದು, ದೃಷ್ಟಿಯಿಲ್ಲದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ದಕ್ಕದು.

ಹೊರಗಿನವರಿಗಾಗಿ ಇಂಗ್ಲಿಷ್ ಇರಲಿ, ಜೊತೆಗೆ ಕನ್ನಡ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ತೋಪ್ ತೆನಿ ಸೆರಗು, ಚಿಕ್ಕಪರಾಸ ದಡಿ, ಒಡಲಿನ ಹಾಸು ಎಳೆಗಳಿಗೆ ಸೆರಗಿನ ಹಾಸು ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವ ಕ್ರಮ, ಇವು ನಿಮ್ಮ ಬಾಯಲ್ಲಿ ಇರುವಂತೆಯೇ ಪುಟದ ಮೇಲೂ ಬಂದರೆ, ಆ ಹೆಸರುಗಳನ್ನು ಅಜ್ಜಿಯಿಂದ ಕೇಳಿ ಹುಡುಕುವ ಹೆಣ್ಣುಮಕ್ಕಳು ನಿಮ್ಮ ಪುಟವನ್ನೇ ಬಂದು ಸೇರುತ್ತಾರೆ. ವಿಳಾಸವನ್ನೇ ಕನ್ನಡದಲ್ಲಿ ಬರೆಯಲು ಆಗುವ ‘.ಭಾರತ’ ಡೊಮೇನ್ ಕೂಡ ಇದೆ. ಸದ್ಯಕ್ಕೆ ಅದನ್ನು ಎರಡನೆಯ ವಿಳಾಸವಾಗಿ ಇಟ್ಟುಕೊಳ್ಳಿ; ಇ-ಮೇಲ್ ಮುಂತಾದ ಕೆಲವು ಕಡೆ ಕನ್ನಡದ ವಿಳಾಸವನ್ನು ಇನ್ನೂ ಸ್ವೀಕರಿಸುವುದಿಲ್ಲ.

ಪ್ರಶ್ನೆ: ನಮ್ಮ ಹೋಮ್‌ಸ್ಟೇಯನ್ನು ತಿಂಗಳಿಗೆ 6,000 ರೂಪಾಯಿಗೆ ಗೂಗಲ್‌ನಲ್ಲಿ ಮೊದಲ ಸ್ಥಾನಕ್ಕೆ ತರುತ್ತೇವೆ, ಗ್ಯಾರಂಟಿ ಎಂದು ದಿನಾ ಫೋನ್ ಬರುತ್ತದೆ. ನಂಬಬಹುದೇ? – ಸಕಲೇಶಪುರ

ಉತ್ತರ: ನಂಬಬೇಡಿ. ಮೊದಲ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತಾನೇ ತನ್ನ ಮಾರ್ಗಸೂಚಿಯಲ್ಲಿ ಬರೆದಿದೆ. ಆ ಹಣದಲ್ಲಿ ಒಬ್ಬ ಒಳ್ಳೆಯ ಛಾಯಾಗ್ರಾಹಕರನ್ನು ಮಳೆಗಾಲದಲ್ಲೊಮ್ಮೆ, ಕಾಫಿ ಹೂ ಅರಳುವ ವಾರದಲ್ಲೊಮ್ಮೆ ಕರೆಸಿ.

ಪ್ರಶ್ನೆ: ಗೇಟು, ಗ್ರಿಲ್, ಶೀಟ್ ಛಾವಣಿ ಕೆಲಸದ ಫ್ಯಾಬ್ರಿಕೇಷನ್ ಶೆಡ್ ನಮ್ಮದು, ನಾನೂ ನನ್ನ ತಮ್ಮನೂ ಇಬ್ಬರು ಹುಡುಗರೂ ಇದ್ದೇವೆ. ಎಲ್ಲರೂ ವೆಬ್‌ಸೈಟ್ ಮಾಡಿಸು ಎನ್ನುತ್ತಾರೆ. 25,000 ಹೊಂದಿಸಿದ್ದೇನೆ. ಮಾಡಿಸಲೇ? – ತುಮಕೂರು

ಉತ್ತರ: ಈಗಲೇ ಬೇಡ. ನಿಮ್ಮ ಗಿರಾಕಿ ಹದಿನೈದು ಕಿಲೋಮೀಟರಿನೊಳಗಿನವರು; ಅವರು ಹತ್ತಿರದ ಗೇಟು ಕೆಲಸದವರನ್ನು ಗೂಗಲ್ ನಕ್ಷೆಯಲ್ಲಿ ಹುಡುಕಿ ಫೋನ್ ಮಾಡುತ್ತಾರೆ. ಅಲ್ಲಿ ಕಾಣಿಸಿಕೊಳ್ಳಲು ಬೇಕಾದ ಬಿಸಿನೆಸ್ ಪ್ರೊಫೈಲ್ ಪೂರ್ತಿ ಉಚಿತ, ಅದಕ್ಕೆ ಡಿಸೈನರ್ ಬೇಕಿಲ್ಲ. ನಿಮ್ಮದೇ ಜಿ-ಮೇಲ್‌ನಿಂದ ಲಾಗಿನ್ ಆಗಿ ಶೆಡ್ಡಿನ ಹೆಸರು, ಜಾಗ, ಫೋನ್, ಕೆಲಸದ ಹೊತ್ತು ತುಂಬಿ. ಜಾಗ ನಿಮ್ಮದೇ ಎಂದು ದೃಢಪಡಿಸಲು ಶೆಡ್ಡು, ಬೋರ್ಡು, ಯಂತ್ರಗಳ ಸಣ್ಣ ವಿಡಿಯೊ ಕೇಳಬಹುದು. ಮಾಡಿ ಮುಗಿಸಿದ ಪ್ರತಿ ಗೇಟನ್ನೂ ಬಣ್ಣ ಒಣಗಿದ ಮೇಲೆ, ಅದೇ ಮನೆಯ ಮುಂದೆ, ಬೆಳಗಿನ ಬೆಳಕಿನಲ್ಲಿ ಚಿತ್ರ ತೆಗೆದು ಏರಿಸಿ. ಮನೆಯವರು ಎರಡು ಸಾಲು ಅಭಿಪ್ರಾಯ ಬರೆದರೆ ಇನ್ನೂ ಒಳ್ಳೆಯದು.

ಆ ಪ್ರೊಫೈಲಿಗೆ ಸೇರಿದಂತೆ ಉಚಿತ ವೆಬ್‌ಸೈಟ್ ಮಾಡಿಕೊಳ್ಳುವ ಸೌಲಭ್ಯವನ್ನು ಗೂಗಲ್ ಮೊದಲು ಕೊಡುತ್ತಿತ್ತು, 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಅದನ್ನೇ ನೆಚ್ಚಿಕೊಂಡಿದ್ದವರ ಪುಟಗಳು ಹೋದವು. ಆದ್ದರಿಂದ ಚಿತ್ರಗಳ ಪ್ರತಿಯನ್ನು ಗೇಟಿನ ಅಳತೆ, ಬಳಸಿದ ಪೈಪಿನ ಗೇಜು, ಆದ ಖರ್ಚು ಬರೆದು ನಿಮ್ಮಲ್ಲೂ ಇಟ್ಟುಕೊಳ್ಳಿ, ನಿಮ್ಮ ಹೆಸರಿನ ಡೊಮೇನೊಂದನ್ನು ಈಗಲೇ ಕೊಂಡಿಟ್ಟುಕೊಳ್ಳಿ. ಕಾರ್ಖಾನೆ, ಶಾಲೆಗಳ ದೊಡ್ಡ ಕೆಲಸಕ್ಕೆ ಕೊಟೇಶನ್ ಹಾಕುವ ಕಾಲ ಬಂದಾಗ, ಅಲ್ಲಿನವರು ನಿಮ್ಮ ಹಿಂದಿನ ಕೆಲಸ ತೋರಿಸಿ ಎಂದಾಗ ವೆಬ್‌ಸೈಟ್ ಮಾಡಿಸಿ. ಅಷ್ಟರಲ್ಲಿ ನಿಮ್ಮ ಬಳಿ ನೂರು ಗೇಟಿನ ಚಿತ್ರಗಳಿರುತ್ತವೆ. ಆಗ ಡಿಸೈನರ್ ಕೆಲಸ ಒಂದು ವಾರದ್ದು. ಉಳಿಸಿದ 25,000ದಲ್ಲಿ ಒಂದಿಷ್ಟನ್ನು ಹುಡುಗರಿಬ್ಬರಿಗೆ ಒಳ್ಳೆಯ ವೆಲ್ಡಿಂಗ್ ಕನ್ನಡಕ, ಕೈಗವಸು ತೆಗೆಸಿಕೊಡಲು ಬಳಸಿ.